ಮುಖ ಮುಚ್ಚಿ ಚಿತ್ರ ಓದಿಸಿದ್ದು

"ಪ್ರಾಣಿಗೆ ಕೋಟು ಹಾಕಿದ ಚಿತ್ರದಾಗ ಓದೋದೇನೈತ್ರಿ ಸರ್? ಒಂದು ನೀತಿ ಹೇಳಿ ಮುಗಿಸ್ರಿ" ಎಂದ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಎರಡು ವರ್ಷ ಹಿಡೀತು, ಆದರೆ ಇಂಥ ಚಿತ್ರವನ್ನು ಮಕ್ಕಳಿಗೆ ಓದಿಸುವ ಪಟ್ಟು ಸಿಕ್ಕಿದೆ.

ಚಿತ್ರವನ್ನು ಬೆಂಗಳೂರಿನ ಚಿತ್ರಸಂತೆಯಲ್ಲಿ ತಗೊಂಡಿದ್ದೆ, ಸುಮಾರು 4,500 ರೂಪಾಯಿ. ರಾತ್ರಿ ಹೊತ್ತಿನ ರೈಲ್ವೆ ಪ್ಲಾಟ್‌ಫಾರ್ಮ್. ಗಾರ್ಡ್ ಕೋಟು ತೊಟ್ಟ ಕರಡಿಯ ಕೈಯಲ್ಲಿ ಲಾಟೀನು. ಸೀರೆ ಉಟ್ಟು ಶಾಲು ಹೊದ್ದ ನರಿ ಟ್ರಂಕಿನ ಮೇಲೆ ಕೂತಿದೆ. ಕನ್ನಡಕದ ಕೊಕ್ಕರೆ ಪೇಪರ್ ಓದುತ್ತಿದೆ. ಗಂಗಾವತಿಯ ನನ್ನ ಶನಿವಾರದ ಕ್ಲಾಸಿಗೆ ಮೂವತ್ತು ಮಕ್ಕಳು ಬರುತ್ತಾರೆ, ಮೂಲ ಚಿತ್ರ ಹಿಂದಿನ ಸಾಲಿಗೆ ಕಾಣಲ್ಲ. ಫ್ಲೆಕ್ಸ್ ಹಾಕಿಸಿದೆ, ಮುನ್ನೂರೋ ಮುನ್ನೂರೈವತ್ತೋ. ಹೊಳಪಿಗೆ ಕತ್ತಲೆಯೆಲ್ಲ ಬೆಳ್ಳಗಾಗಿ ಲಾಟೀನಿನ ಬೆಳಕೇ ಸತ್ತುಹೋಯಿತು. ಕೊನೆಗೆ ಕ್ಯಾನ್ವಾಸ್ ಪ್ರಿಂಟಿಗೆ 1,800 ಕೊಟ್ಟೆ.

ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಮಕ್ಕಳ ಉತ್ತರಕ್ಕೆ. "ನರಿ ಯಾರಿಗೋ ಮೋಸ ಮಾಡ್ತೈತ್ರಿ." ನಾಲ್ಕೈದು ಬ್ಯಾಚು ಇದೇ ಮಾತು. ಆ ನರಿ ಶಾಲಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ ಒಬ್ಬರೂ ನೋಡಲಿಲ್ಲ. ಮುಖ ಕಂಡ ಕೂಡಲೇ ಕಥೆ ಗೊತ್ತು ಅಂದುಕೊಂಡುಬಿಡ್ತಾರೆ, ಅಲ್ವಾ?

ಅದಕ್ಕೇ ತಲೆಗಳನ್ನೆಲ್ಲ ಡ್ರಾಯಿಂಗ್ ಶೀಟಿನ ತುಂಡಿನಿಂದ ಮುಚ್ಚಿದೆ. ಬಟ್ಟೆ, ಕೈ, ಕೂತ ರೀತಿ ನೋಡಿ ಇವರು ಯಾರು ಹೇಳಿ ಎಂದೆ. "ದುಡಿಯಾಕ ಊರು ಬಿಟ್ಟು ಹೊಂಟಾಳ್ರಿ" ಎಂದಳು ಒಬ್ಬಳು. ಟ್ರಂಕಿಗೆ ಬೀಗ ಇಲ್ಲ, ಹಗ್ಗ ಕಟ್ಟ್ಯಾರ ಎಂದ ಇನ್ನೊಬ್ಬ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ! ಆಮೇಲೆ ಕಾಗದ ಸರಿಸಿದೆ. ನರಿ. ಕ್ಲಾಸು ಗಪ್‌ಚುಪ್. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಬಂತು: "ನರಿ ಅಂತ ಯಾರೂ ನಂಬಂಗಿಲ್ಲರಿ, ಅದಕ್ಕ ಒಬ್ಬಾಕೇ ಕುಂತಾಳ." ಎರಡು ವರ್ಷ ಕಾದದ್ದು ಈ ಮಾತಿಗೆ.

ಕಾಗದವನ್ನು ಸೆಲ್ಲೋಟೇಪಿನಿಂದ ಅಂಟಿಸಬೇಡಿ. ನನ್ನ ಕರಡಿಯ ಕಿವಿಯ ಬಣ್ಣ ಕಿತ್ತುಬಂತು. ಈಗ ಮೇಲಿನಿಂದ ದಾರ ಕಟ್ಟಿ ಇಳಿಬಿಡುತ್ತೇನೆ. ಯಾವ ತಲೆ ಮೊದಲು ತೆಗೆಯಬೇಕು, ಯಾವುದು ಕೊನೆಗೆ, ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ಬಾಲದ ವಿಷಯ ಕಲಿಸಿದ್ದು ಟೈಲರ್ ಮಗಳು. ಸೀರೆಯೊಳಗೆ ನರಿಯ ಬಾಲ ಅಡಗಿದೆ. ಕರಡಿಯದು ಮಾತ್ರ ಕೋಟಿನ ಹಿಂದೆ ತೂತು ಮಾಡಿ, ಅಂಚು ಹೊಲಿದು ಹೊರಗೆ ಬಿಟ್ಟಿದೆ. "ಕ್ವಾಟು ಅವನ ಅಳತೀಗೇ ಹೊಲದಾರ್ರಿ" ಎಂದಳು. ಅಂದಿನಿಂದ ಇಂಥ ಚಿತ್ರ ಯಾವುದು ಸಿಕ್ಕರೂ ಮೊದಲು ಬಾಲ ಹುಡುಕುತ್ತೇನೆ.

ಬೇರೆ ಚಿತ್ರಗಳ ಮೇಲೂ ಪ್ರಯೋಗ ಮಾಡಿದೆ. ಫ್ರಾನ್ಸಿನ ಶಾರ್ದಾಂ 1740ರ ಸುಮಾರಿಗೆ ಬರೆದ, ಕೋಟು ಹಾಕಿ ಚಿತ್ರ ಬಿಡಿಸುವ ಕೋತಿಯ ಮುಖದ ಮೇಲಿನ ಕಾಗದ ತೆಗೆದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನರಿಗೆ ಯಾರೂ ನಕ್ಕಿರಲಿಲ್ಲ. ಕಲಾವಿದ ಗೇಲಿ ಮಾಡ್ತಿದ್ದಾನೋ ಮರುಗ್ತಿದ್ದಾನೋ, ಆ ನಗುವಿನಲ್ಲೇ ಗೊತ್ತಾಗುತ್ತೆ. ಜಪಾನಿನ ಕೋಜಾನ್‌ಜಿ ದೇವಾಲಯದ ಹಳೇ ಸುರುಳಿಚಿತ್ರದಲ್ಲಿ ಇದು ನಡೀಲಿಲ್ಲ. ಅಲ್ಲಿ ಕುಸ್ತಿ ಹಿಡಿದ ಕಪ್ಪೆ, ಮೊಲಕ್ಕೆ ಬಟ್ಟೆಯೇ ಇಲ್ಲ, ಮುಖ ಮುಚ್ಚಿದರೂ ಕಪ್ಪೆ ಕಪ್ಪೆಯೇ.

ಕಳೆದ ವಾರ ಕಿನ್ನಾಳದ ಮರದ ಗೊಂಬೆ ಗರುಡನನ್ನು ಟೇಬಲ್ ಮೇಲಿಟ್ಟು ತಲೆಗೆ ಕರ್ಚೀಫು ಹೊದಿಸಿದೆ. "ಕೈ ಮುಗದು ಯಾರದೋ ದಾರಿ ಕಾಯಾಕತ್ತಾನ್ರಿ" ಎಂದರು. ಕರ್ಚೀಫು ತೆಗೆದೆ. ಒಬ್ಬ ಹುಡುಗ ಎದ್ದು ತಾನೂ ಕೈ ಮುಗಿದ.