ದೊಡ್ಡಮ್ಮನ ವಾಯಿದೆ

ದೊಡ್ಡಪ್ಪ ತುರ್ತುಪರಿಸ್ಥಿತಿಯಲ್ಲಿ ಹಾಸನದ ಜೈಲಿನಲ್ಲಿದ್ದರು. ಮನೆಮಂದಿಯೆಲ್ಲ 'ಮೀಸಾದಲ್ಲಿ ಹಾಕಿದ್ರು' ಅನ್ನುತ್ತಿದ್ದರು, ಅಂದರೆ ಆಂತರಿಕ ಭದ್ರತಾ ಕಾಯ್ದೆಯಲ್ಲಿ. ಆ ಮಾತು ನಂಬಿ ಅವರ ಕಾಗದಪತ್ರ ಹುಡುಕಲು ಹೊರಟು ಎಂಟು ತಿಂಗಳು ದಂಡ ಮಾಡಿಕೊಂಡೆ.

ಮೀಸಾ ಅಂದರೆ ಬಂಧನದ ಆದೇಶ ಇರಬೇಕಲ್ಲ? ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ನನ್ನದು ದೊಡ್ಡಪ್ಪನ ಜೀವನಚರಿತ್ರೆಯ ಹಾಗಿತ್ತು, ವಾಪಸ್ ಬಂತು. ಎರಡನೆಯದಕ್ಕೆ 'ದಾಖಲೆ ಲಭ್ಯವಿಲ್ಲ' ಎಂಬ ಒಂದೇ ಸಾಲು.

ಬೇಸರದಲ್ಲಿ, ತುರ್ತುಪರಿಸ್ಥಿತಿಯ ಅತಿರೇಕಗಳ ತನಿಖೆ ಮಾಡಿದ ಷಾ ಆಯೋಗದ ವರದಿ ಓದಲು ಕೂತೆ. 1978ರಲ್ಲಿ ಮೂರು ಕಂತಿನಲ್ಲಿ ಬಂದ ಈ ವರದಿಯ ಪ್ರತಿಗಳೇ ಆಮೇಲೆ ಕಣ್ಮರೆಯಾಗಿದ್ದವು. ಮಾಜಿ ಸಂಸದ ಇರಾ ಸೆಳಿಯನ್ ತಮ್ಮಲ್ಲಿ ಉಳಿದಿದ್ದ ಪ್ರತಿಯನ್ನು 2010ರಲ್ಲಿ ಅಚ್ಚು ಹಾಕಿಸಿದರು, ಪುಣ್ಯಾತ್ಮ. ಅದರ ಪಟ್ಟಿಯಲ್ಲಿ ಕರ್ನಾಟಕದ ಸಾಲು ನೋಡಿದೆ: ಮೀಸಾದಲ್ಲಿ 487 ಮಂದಿ, ಡಿಐಆರ್‌ನಲ್ಲಿ 4,015. ಈ ಡಿಐಆರ್ 1971ರ ಪಾಕಿಸ್ತಾನ ಯುದ್ಧದ ಹೊತ್ತಿನ ರಕ್ಷಣಾ ನಿಯಮಗಳು. ಯುದ್ಧ ಮುಗಿದರೂ ಆಗ ಹೇರಿದ ತುರ್ತುಸ್ಥಿತಿಯನ್ನು ತೆಗೆದಿರಲಿಲ್ಲ; 1975ರಲ್ಲಿ ಅವೇ ನಿಯಮಗಳು ಘೋಷಣೆ ಕೂಗಿದವರ ಮೇಲೆ ಬಿದ್ದವು.

ಮೀಸಾದ ಎಂಟು ಪಟ್ಟು! ಅನುಮಾನ ಬಂದು ದೊಡ್ಡಮ್ಮನ್ನ ಕೇಳಿದೆ, ಜೈಲಿಗೆ ನೋಡೋಕೆ ಹೋಗ್ತಿದ್ರಾ ಅಂತ.

"ಅಲ್ಲಿ ಯಾರು ಬಿಡ್ತಿದ್ರು ಕಣಪ್ಪ? ವಾಯಿದೆ ದಿವಸ ರೊಟ್ಟಿ ಕಟ್ಕಂಡು ಕೋರ್ಟ್ ಹತ್ರ ನಿಂತ್ಕತಿದ್ದೆ."

ಮೀಸಾದವರಿಗೆ ಎಲ್ಲಿಯ ವಾಯಿದೆ? ಅವರಿಗೆ ವಿಚಾರಣೆಯೇ ಇರಲಿಲ್ಲ, ಯಾಕೆ ಹಿಡಿದರು ಅಂತಲೂ ಹೇಳಬೇಕಿರಲಿಲ್ಲ. ಡಿಐಆರ್ ಆದರೆ ಠಾಣೆ, ಎಫ್‌ಐಆರ್, ಮ್ಯಾಜಿಸ್ಟ್ರೇಟ್ ಕೋರ್ಟು. ನಾನು ಕಾದದ್ದೇ ತಪ್ಪು ಬಾಗಿಲಲ್ಲಿ.

ವಕೀಲ ಗೆಳೆಯನ ಮೂಲಕ ಕೋರ್ಟಿಗೆ ಅರ್ಜಿ ಕೊಟ್ಟೆ. ಕಡತ ಯಾವತ್ತೋ ನಾಶವಾಗಿತ್ತು, ಕೇಸುಗಳ ರಿಜಿಸ್ಟರ್ ಉಳಿದಿತ್ತು. ತುರ್ತುಪರಿಸ್ಥಿತಿ ವಿರೋಧಿಸಿ ಲೋಕ ಸಂಘರ್ಷ ಸಮಿತಿಯ ಸತ್ಯಾಗ್ರಹ ಶುರುವಾದದ್ದು 1975ರ ನವೆಂಬರ್ 14ಕ್ಕೆ. ಅಲ್ಲಿಂದಲೇ ಪುಟ ತಿರುವಿದೆವು. ಅಂಚು ಮುಟ್ಟಿದರೆ ಪುಡಿ. ಮೂರನೇ ದಿನ ದೊಡ್ಡಪ್ಪನ ಹೆಸರು ಸಿಕ್ಕಿತು, ತಾತನ ಹೆಸರು ತಪ್ಪಾಗಿತ್ತು.

ನಕಲು ತಂದು ದೊಡ್ಡಮ್ಮನಿಗೆ ಕೇಸು ಮುಗಿದ ತಾರೀಕು ಓದಿ ಹೇಳಿದೆ.

"ಮನೆಗೆ ಬಂದಿದ್ದು ಅವತ್ತಲ್ಲ ಕಣಪ್ಪ. ಮೂರು ದಿನ ಬಿಟ್ಟು, ಸಂಕ್ರಾಂತಿ ದಿವಸ."

ನಕಲಿನ ಹಿಂಬದಿಗೆ ಅದನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟೆ.