ಆಟೊಮ್ಯಾಟಿಕ್ ಕಾರಿನ ಗೇರ್ ಸರಿಯಾಗಿ ಬೀಳುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ ಇಷ್ಟು ನೋಡಿ

ಲಿವರನ್ನು ಡಿಗೆ (ಡ್ರೈವ್) ಹಾಕಿದ ಮೇಲೆ ಕಾರು ಎರಡು ಮೂರು ಸೆಕೆಂಡ್ ಸುಮ್ಮನೆ ನಿಂತು ಆಮೇಲೆ ಧಡಕ್ಕನೆ ಮುಂದೆ ನೆಗೆಯುತ್ತದೆ. ಎಂಜಿನ್ ಜೋರಾಗಿ ಕೂಗಿದರೂ ವೇಗ ಏರುವುದಿಲ್ಲ. ಮೀಟರಿನಲ್ಲಿ ಗೇರ್‌ನ ಅಕ್ಷರ ಮಿನುಗಲು ಶುರುವಾಗುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಮೊದಲು ಕೇಳಿಬರುವ ಮಾತು ಒಂದೇ: ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು. ಇಳಿಸುವುದು ಕಟ್ಟಕಡೆಯ ಕೆಲಸ. ಬ್ಯಾಟರಿ, ಬ್ರೇಕ್ ಸ್ವಿಚ್, ಕಾರಿನ ಕಂಪ್ಯೂಟರಿನಲ್ಲಿ ಉಳಿದಿರುವ ದೋಷದ ಕೋಡ್, ಆಯಿಲ್ ಮಟ್ಟ, ಈ ನಾಲ್ಕನ್ನು ನೋಡದೆ ಅದಕ್ಕೆ ಒಪ್ಪಬೇಡಿ. ನಾಲ್ಕೂ ಸೇರಿ ಅರ್ಧ ದಿನದ ಕೆಲಸ. ಗೇರ್‌ಬಾಕ್ಸ್ ಬಿಚ್ಚಿದರೆ ವಾರಗಟ್ಟಲೆ ಕಾರಿಲ್ಲ, ಬಿಲ್ಲೂ ದೊಡ್ಡದು.

ನಿಮ್ಮದು ಯಾವ ಆಟೊಮ್ಯಾಟಿಕ್?

ಎರಡೇ ಪೆಡಲ್ ಇದ್ದರೆ ಎಲ್ಲವನ್ನೂ ನಾವು ಆಟೊಮ್ಯಾಟಿಕ್ ಎನ್ನುತ್ತೇವೆ. ಒಳಗೆ ಮಾತ್ರ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಒಂದರ ರೋಗ ಇನ್ನೊಂದಕ್ಕಿಲ್ಲ, ಒಂದರ ಮದ್ದು ಇನ್ನೊಂದಕ್ಕೆ ವಿಷ.

ಎಎಂಟಿ ಎಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ತಂದದ್ದು, ಎಜಿಎಸ್ ಎಂದು ಕರೆಯುವುದು ಇದನ್ನೇ. ವ್ಯಾಗನ್‌ಆರ್, ಸ್ವಿಫ್ಟ್, ಟಿಯಾಗೊ, ಕ್ವಿಡ್‌ಗಳ ಆಟೊಮ್ಯಾಟಿಕ್ ಕೂಡ ಇದೇ ಜಾತಿ. ಇವುಗಳ ಲಿವರ್‌ನಲ್ಲಿ ಸಾಮಾನ್ಯವಾಗಿ 'ಪಿ' (ಪಾರ್ಕ್) ಇರುವುದಿಲ್ಲ. ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಸಾಗಿಸುವ ಹಳೆಯ, ಗಟ್ಟಿ ಪದ್ಧತಿ. ಬ್ರೆಝಾ, ಎರ್ಟಿಗಾ, ಇನ್ನೋವಾ ಕ್ರಿಸ್ಟಾದಲ್ಲಿರುವುದು ಇದು. ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೇರ್‌ಗಳೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಅಥವಾ ಚೈನ್ ಓಡುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್: ಒಂದು ಬೆಸ ಗೇರ್‌ಗಳಿಗೆ, ಇನ್ನೊಂದು ಸಮ ಗೇರ್‌ಗಳಿಗೆ.

ಕಾರಿನ ಹೆಸರು ನೋಡಿ ಗೇರ್‌ಬಾಕ್ಸ್ ಯಾವುದೆಂದು ತೀರ್ಮಾನಿಸಬೇಡಿ. ಕ್ರೆಟಾದಲ್ಲಿ ಡೀಸೆಲ್‌ಗೆ ಟಾರ್ಕ್ ಕನ್ವರ್ಟರ್, ಸಾಮಾನ್ಯ ಪೆಟ್ರೋಲ್‌ಗೆ ಸಿವಿಟಿ, ಟರ್ಬೊ ಪೆಟ್ರೋಲ್‌ಗೆ ಡಿಸಿಟಿ. ಫೋಕ್ಸ್‌ವ್ಯಾಗನ್ ವರ್ಟಸ್‌ನಲ್ಲಿ 1.0 ಲೀಟರ್ ಎಂಜಿನ್ನಿಗೆ ಟಾರ್ಕ್ ಕನ್ವರ್ಟರ್, 1.5 ಲೀಟರಿಗೆ ಡಿಎಸ್‌ಜಿ (ಡಿಸಿಟಿಗೆ ಆ ಕಂಪನಿ ಇಟ್ಟ ಹೆಸರು). ಅಂಗಡಿಗೆ ಹೋಗಿ "ಕ್ರೆಟಾ ಆಟೊಮ್ಯಾಟಿಕ್ ಆಯಿಲ್ ಕೊಡಿ" ಎಂದು ಕೇಳಿ ತಂದರೆ ತಪ್ಪು ಡಬ್ಬಿ ಮನೆಗೆ ಬರುವ ಸಾಧ್ಯತೆಯೇ ಹೆಚ್ಚು.

ಮೊದಲು ಬ್ಯಾಟರಿ

ಗೇರ್ ಬದಲಿಸುವ ಸೊಲೆನಾಯ್ಡ್ (ವಿದ್ಯುತ್ತಿನ ವಾಲ್ವ್), ಮೋಟಾರ್, ಅವನ್ನು ಆಳುವ ಟಿಸಿಯು (ಗೇರ್‌ಬಾಕ್ಸಿನ ಕಂಪ್ಯೂಟರ್) ಎಲ್ಲವೂ 12 ವೋಲ್ಟ್ ಮೇಲೆ ಬದುಕುವಂಥವು. ಬ್ಯಾಟರಿ ಸೊರಗಿದರೆ ಎಂಜಿನ್ ಹೇಗೋ ಸ್ಟಾರ್ಟ್ ಆದೀತು, ಆದರೆ ಗೇರ್ ಹಿಡಿಯದು. ಎಎಂಟಿ ಕಾರುಗಳಲ್ಲಂತೂ ಎರಡು ಮೂರು ವರ್ಷ ದಾಟಿದ ಬ್ಯಾಟರಿಯೇ ಮೊದಲ ಆರೋಪಿ.

ಕಾರು ರಾತ್ರಿಯಿಡೀ ನಿಂತಿದ್ದ ಮೇಲೆ ಬೆಳಗ್ಗೆ ಮಲ್ಟಿಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಆಸುಪಾಸಿದ್ದರೆ ಪೂರ್ಣ ಚಾರ್ಜ್, 12.2 ಎಂದರೆ ಅರ್ಧ ಖಾಲಿ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಎಂಜಿನ್ ಓಡುವಾಗ 13.5ರಿಂದ 14.7ರ ನಡುವೆ ಇರಬೇಕು. ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ತಿರುಗಿ. ಟರ್ಮಿನಲ್‌ಗಳಲ್ಲಿ ಬಿಳಿ-ಹಸಿರು ಪುಡಿ ಕೂತಿದ್ದರೆ ತೆಗೆಯಿರಿ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಗೇರ್‌ಬಾಕ್ಸಿಗೂ ಹೋಗುವ ಅರ್ಥ್ ಕೇಬಲ್‌ನ ಬೋಲ್ಟ್ ಬಿಗಿಯಾಗಿದೆಯೇ ನೋಡಿ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವ ಕಾರುಗಳಲ್ಲಿ ಈ ಜಾಗ ತುಕ್ಕು ಹಿಡಿಯುವುದು ಬೇಗ.

ಪಿಯಿಂದ ಲಿವರ್ ಅಲುಗದಿದ್ದರೆ

ಇದು ಬಹುತೇಕ ಗೇರ್‌ಬಾಕ್ಸಿನ ದೋಷವೇ ಅಲ್ಲ. ಬ್ರೇಕ್ ಒತ್ತಿದ್ದೀರಿ ಎಂಬ ಸುದ್ದಿ ಸ್ವಿಚ್‌ನಿಂದ ಬಂದರೆ ಮಾತ್ರ ಲಿವರ್‌ನ ಬೀಗ ಬಿಡುತ್ತದೆ. ಯಾರಿಗಾದರೂ ಹಿಂದೆ ನಿಂತು ಬ್ರೇಕ್ ದೀಪ ನೋಡಲು ಹೇಳಿ. ದೀಪ ಉರಿಯದಿದ್ದರೆ ಆ ಫ್ಯೂಸ್ ಅಥವಾ ಪೆಡಲ್ ಮೇಲ್ಭಾಗದಲ್ಲಿರುವ ಬ್ರೇಕ್ ಸ್ವಿಚ್ ಕೆಟ್ಟಿದೆ. ಎರಡೂ ಅಗ್ಗದ ಭಾಗಗಳು. ಎಎಂಟಿಯಲ್ಲಿ ಇದೇ ಸ್ವಿಚ್ ಕೈಕೊಟ್ಟರೆ ಸ್ಟಾರ್ಟೂ ಆಗುವುದಿಲ್ಲ, ಎನ್‌ನಿಂದ (ನ್ಯೂಟ್ರಲ್) ಗೇರೂ ಬೀಳುವುದಿಲ್ಲ.

ದಾರಿಯಲ್ಲಿ ಸಿಕ್ಕಿಬಿದ್ದಾಗ: ಹಲವು ಕಾರುಗಳಲ್ಲಿ ಲಿವರ್ ಪಕ್ಕ 'ಶಿಫ್ಟ್ ಲಾಕ್' ಎಂಬ ಪುಟ್ಟ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಇಗ್ನಿಷನ್ ಆನ್ ಮಾಡಿ, ಬ್ರೇಕ್ ಒತ್ತಿ ಹಿಡಿದು, ಆ ರಂಧ್ರದೊಳಗೆ ಕೀ ಅಥವಾ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಲಿವರ್ ಎನ್‌ಗೆ ಬರುತ್ತದೆ. ಬ್ರೇಕ್ ದೀಪವಿಲ್ಲದ ಕಾರು ಹಿಂದೆ ಬರುವವರಿಗೆ ಅಪಾಯ, ಆದ್ದರಿಂದ ಹತ್ತಿರದ ಗ್ಯಾರೇಜಿನವರೆಗೆ ಮಾತ್ರ ಓಡಿಸಿ.

ಕೋಡ್ ಓದದೆ ಅಳಿಸಬೇಡಿ

ಸ್ಟೀರಿಂಗ್ ಕೆಳಗೆ ದೋಷದ ಕೋಡ್ ಓದಲೆಂದೇ ಇರುವ ಒಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ. ಪಿ0700 ಒಂದೇ ಕಂಡರೆ ಅದು ಬರೀ ಕರೆಗಂಟೆ. ಟಿಸಿಯು ಒಳಗೆ ಬೇರೊಂದು ಕೋಡ್ ಕೂತಿದೆ ಎಂದಷ್ಟೇ ಅರ್ಥ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳು ಎಷ್ಟೋ ಸಲ ಎಂಜಿನ್ ಕೋಡ್ ಓದಿ ನಿಂತುಬಿಡುತ್ತವೆ. ಟಿಸಿಯು ಓದಬಲ್ಲ ಸ್ಕ್ಯಾನರ್ ಇರುವಲ್ಲಿಗೆ ಹೋಗಿ.

ಪಿ0705 ಬಂದರೆ ಲಿವರ್ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಸ್ವಿಚ್ ನೋಡಿ. ಪಿ0715 ಗೇರ್‌ಬಾಕ್ಸ್ ಒಳಬರುವ ಶಾಫ್ಟ್‌ನ ವೇಗದ ಸೆನ್ಸರ್, ಪಿ0720 ಹೊರಹೋಗುವ ಶಾಫ್ಟಿನದು. ಇವೆರಡಕ್ಕೂ ಮೊದಲು ಕನೆಕ್ಟರ್ ಬಿಚ್ಚಿ, ಪಿನ್‌ಗಳ ಮೇಲೆ ಆಯಿಲ್ ಅಥವಾ ನೀರಿದೆಯೇ ನೋಡಿ. ಇಲಿ ಕಡಿದ ವೈರಿನಿಂದಲೂ ಇದೇ ಕೋಡ್ ಬರುತ್ತದೆ. ಮಳೆಗಾಲದಲ್ಲಿ ನಿಂತೇ ಇದ್ದ ಕಾರಿನಲ್ಲಿ ಅದನ್ನು ಮೊದಲು ಹುಡುಕಬೇಕು. ಪಿ0741 ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಜೋಡಿಸುವ ಕ್ಲಚ್) ಸರಿಯಾಗಿ ಹಿಡಿಯುತ್ತಿಲ್ಲ ಎನ್ನುತ್ತದೆ. ಪಿ0731ರಿಂದ ಪಿ0735ರವರೆಗಿನವು ಒಂದರಿಂದ ಐದನೇ ಗೇರ್‌ವರೆಗೆ ಯಾವುದು ಜಾರುತ್ತಿದೆ ಎಂದು ಹೇಳುತ್ತವೆ. ಪಿ0562 ಇವುಗಳ ಜೊತೆ ಇದ್ದರೆ ವೋಲ್ಟೇಜ್ ಕಡಿಮೆ ಎಂದರ್ಥ, ಬ್ಯಾಟರಿಗೆ ಹಿಂತಿರುಗಿ.

ಕೋಡ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ಅಳಿಸಿದ ಮೇಲೆ ಯಾವ ಸಂದರ್ಭದಲ್ಲಿ ಬಂತು ಎಂಬ ವಿವರವೂ ಹೋಗಿಬಿಡುತ್ತದೆ.

ಆಯಿಲ್

ಟಾರ್ಕ್ ಕನ್ವರ್ಟರ್‌ನಲ್ಲೂ ಸಿವಿಟಿಯಲ್ಲೂ ಆಯಿಲ್ ಬರೀ ಜಾರಿಸುವ ವಸ್ತುವಲ್ಲ. ಎಂಜಿನ್ನಿನ ಶಕ್ತಿ ಸಾಗುವುದು, ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಒತ್ತಡ ಬರುವುದು, ಬಿಸಿ ಹೊರಹೋಗುವುದು ಎಲ್ಲ ಅದರಿಂದಲೇ. ಅರ್ಧ ಲೀಟರ್ ಕಡಿಮೆಯಾದರೂ ತಿರುವಿನಲ್ಲಿ, ಏರಿನಲ್ಲಿ ಪಂಪ್ ಗಾಳಿ ಎಳೆದು ಗೇರ್ ಜಾರುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಅದನ್ನು ನೊರೆ ಎಬ್ಬಿಸುತ್ತವೆ. ನೊರೆಗೂ ಒತ್ತಡ ಹಿಡಿಯುವ ಶಕ್ತಿಯಿಲ್ಲ. ಹಾಗಾಗಿ "ಸ್ವಲ್ಪ ಹೆಚ್ಚೇ ಇರಲಿ" ಎಂಬುದು ಇಲ್ಲಿ ನಡೆಯುವುದಿಲ್ಲ.

ಡಿಪ್‌ಸ್ಟಿಕ್ ಇದ್ದರೆ ಹತ್ತಿಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬ್ರೇಕ್ ಒತ್ತಿ ಹಿಡಿದು ಪ್ರತಿ ಸ್ಥಾನದಲ್ಲೂ ಎರಡು ಮೂರು ಸೆಕೆಂಡ್ ಲಿವರ್ ನಿಲ್ಲಿಸುತ್ತಾ ಬಂದು ಮತ್ತೆ ಪಿಗೆ ತನ್ನಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಹೋಂಡಾದ ಹಲವು ಗೇರ್‌ಬಾಕ್ಸ್‌ಗಳಿಗೆ ಮಾತ್ರ ಎಂಜಿನ್ ಆಫ್ ಮಾಡಿದ 60ರಿಂದ 90 ಸೆಕೆಂಡಿನೊಳಗೆ. ಡಿಪ್‌ಸ್ಟಿಕ್ ಒರೆಸಲು ನೂಲು ಬಿಡದ ಬಟ್ಟೆ ಬಳಸಿ. ಒಂದು ಎಳೆ ಒಳಗೆ ಹೋದರೂ ಆಯಿಲ್ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗೆ ಅಡ್ಡ ಕೂರಬಹುದು.

ಈಗಿನ ಬಹಳಷ್ಟು ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕೆಳಗೆ ಮಟ್ಟದ ಪ್ಲಗ್ ಇರುತ್ತದೆ. ಕಾರನ್ನು ನಾಲ್ಕೂ ಕಡೆ ಸಮನಾಗಿ ಎತ್ತಿ, ಎಂಜಿನ್ ಓಡಿಸಿ, ಆಯಿಲ್ ನಿಗದಿತ ಉಷ್ಣತೆಗೆ ಬಂದಾಗ ಪ್ಲಗ್ ಬಿಚ್ಚಿದರೆ ಸಣ್ಣ ಎಳೆಯಾಗಿ ತೊಟ್ಟಿಕ್ಕಬೇಕು. ಆ ಉಷ್ಣತೆ ಗೇರ್‌ಬಾಕ್ಸಿನಿಂದ ಗೇರ್‌ಬಾಕ್ಸಿಗೆ ಬೇರೆ, ಸರ್ವಿಸ್ ಮ್ಯಾನುಯಲ್ ನೋಡಲೇಬೇಕು, ಸ್ಕ್ಯಾನರಿನಲ್ಲಿ ಅಳೆಯಲೇಬೇಕು. ಕೈಯಿಂದ ಮುಟ್ಟಿ ಅಂದಾಜು ಮಾಡಿದರೆ ಮಟ್ಟ ತಪ್ಪುವುದು ಖಚಿತ.

ಬಣ್ಣ, ವಾಸನೆ ನೋಡಿ. ಮೂಲತಃ ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಕಂದಾಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸವೆದು ಅದರಲ್ಲಿ ಬೆರೆತಿದೆ. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ: ರೇಡಿಯೇಟರ್ ಒಳಗಿನ ಕೂಲರ್ ಒಡೆದಿರಬಹುದು, ಇಲ್ಲವೇ ಕಾರು ನೆರೆನೀರಿನಲ್ಲಿ ನಿಂತಿದ್ದಾಗ ಗಾಳಿಯಾಡುವ ಬ್ರೀದರ್ ಮೂಲಕ ಬಂದಿರಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಬೇಸ್‌ಮೆಂಟ್‌ಗಳಲ್ಲಿ ಮುಳುಗಿದಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಪರೀಕ್ಷೆ ಬಿಡಬಾರದು. ಹಾಲುಬಣ್ಣದ ಆಯಿಲ್ ಇರುವ ಕಾರನ್ನು ಸ್ಟಾರ್ಟ್ ಮಾಡಿ ಓಡಿಸಲೂ ಬಾರದು. ನೀರು ಕ್ಲಚ್ ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ.

ಆಯಿಲ್ ಬದಲಿಸುವಾಗ ಈ ಕ್ರಮ ತಪ್ಪಿಸಬೇಡಿ.

1. ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ, ಆಮೇಲೆ ಡ್ರೈನ್ ಪ್ಲಗ್. ಕೆಳಗಿನದನ್ನು ಖಾಲಿ ಮಾಡಿ ಮೇಲಿನದು ತುಕ್ಕಿನಿಂದ ಬಿಚ್ಚದೇ ಹೋದರೆ ಕಾರು ಅಲ್ಲೇ ನಿಲ್ಲುತ್ತದೆ.
2. ಇಳಿದ ಆಯಿಲನ್ನು ಅಳತೆಯ ಡಬ್ಬಿಯಲ್ಲಿ ಹಿಡಿಯಿರಿ. ಸುಮಾರು 7 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ 3ರಿಂದ 4 ಲೀಟರ್ ಮಾತ್ರ ಇಳಿಯುತ್ತದೆ. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಒಳಗೇ ಇರುತ್ತದೆ.
3. ಡ್ರೈನ್ ಪ್ಲಗ್‌ನ ಆಯಸ್ಕಾಂತ ನೋಡಿ. ಬೂದುಬಣ್ಣದ ನುಣ್ಣನೆ ಪೇಸ್ಟ್ ಸಹಜ. ಹೊಳೆಯುವ ಚೂರು, ಸಿಬಿರು ಸಿಕ್ಕರೆ ಒಳಗೆ ಒಡೆದಿದೆ, ಹೊಸ ಆಯಿಲ್‌ಗೆ ಹಣ ಹಾಕುವುದನ್ನು ನಿಲ್ಲಿಸಿ.
4. ವಾಷರ್ ಹೊಸದು ಹಾಕಿ, ಇಳಿದಷ್ಟೇ ಅಳತೆಯ ಹೊಸ ಆಯಿಲ್ ತುಂಬಿ, ಮೇಲೆ ಹೇಳಿದಂತೆ ಬಿಸಿಯಾದಾಗ ಮಟ್ಟ ಸರಿಮಾಡಿ.

300ರಿಂದ 500 ಕಿ.ಮೀ. ಓಡಿಸಿ ಇದನ್ನೇ ಇನ್ನೆರಡು ಸಲ ಮಾಡಿದರೆ ಹೆಚ್ಚಿನ ಹಳೆ ಆಯಿಲ್ ಹೊರಬರುತ್ತದೆ. ಎಂದೂ ಆಯಿಲ್ ಬದಲಿಸದ, ಲಕ್ಷ ಕಿ.ಮೀ. ದಾಟಿದ ಗೇರ್‌ಬಾಕ್ಸಿಗೆ ಮೆಷಿನ್ ಫ್ಲಶ್ ಬೇಡ. ಕೂತಿದ್ದ ಕೆಸರು ಎದ್ದು ವಾಲ್ವ್‌ಗಳಿಗೆ ಸಿಕ್ಕಿಕೊಳ್ಳಬಹುದು. 'ಲೈಫ್‌ಟೈಮ್ ಆಯಿಲ್' ಎಂಬ ಮಾತನ್ನೂ ನಂಬಿ ಕೂರಬೇಡಿ. ನಮ್ಮ ಬಿಸಿಲು, ಟ್ರಾಫಿಕ್, ಘಾಟಿ ಮೂರೂ ಸೇರಿದಾಗ ಟಾರ್ಕ್ ಕನ್ವರ್ಟರ್‌ಗೆ 60,000 ಕಿ.ಮೀ., ಸಿವಿಟಿಗೆ 40,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸುವುದು ಜಾಣತನ.

ಡಬ್ಬಿಯ ಮೇಲೆ ನಿಮ್ಮ ಗೇರ್‌ಬಾಕ್ಸ್ ಕೇಳುವ ಹೆಸರೇ ಇರಬೇಕು: ಟೊಯೊಟಾ ಡಬ್ಲ್ಯುಎಸ್, ಹ್ಯುಂಡೈನ ಆರು ಗೇರ್‌ಗೆ ಎಸ್‌ಪಿ-4, ಹೋಂಡಾ ಸಿವಿಟಿಗೆ ಎಚ್‌ಸಿಎಫ್-2, ಹೀಗೆ. ಸಿವಿಟಿಗೆ ಮಾಮೂಲಿ ಎಟಿಎಫ್ ಸುರಿದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಗೀರು ಬೀಳುತ್ತದೆ, ಆ ಗೀರಿಗೆ ರಿಪೇರಿಯಿಲ್ಲ.

60ರ ವೇಗದಲ್ಲಿ ನಡುಕ

50ರಿಂದ 80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿರುವಾಗ ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಓಡಿದಂತೆ ಕಾರು ನಡುಗಿದರೆ ಎರಡು ಕಾರಣ ಸಾಧ್ಯ: ಲಾಕಪ್ ಕ್ಲಚ್ ಜಾರುತ್ತಿದೆ, ಅಥವಾ ಎಂಜಿನ್ ಮಿಸ್ ಹೊಡೆಯುತ್ತಿದೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ನಡುಕ ಬರುತ್ತಿರುವಂತೆಯೇ ಬಲಗಾಲು ತೆಗೆಯದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಸೋಕಿಸಿ. ಬ್ರೇಕ್ ಸಂಕೇತ ಬಂದ ಕೂಡಲೇ ಲಾಕಪ್ ಬಿಡುತ್ತದೆ, ಆರ್‌ಪಿಎಂ ಮುಳ್ಳು ಸ್ವಲ್ಪ ಏರುತ್ತದೆ. ನಡುಕ ಆ ಕ್ಷಣವೇ ನಿಂತರೆ ದೋಷ ಲಾಕಪ್‌ನದು. ಆಯಿಲ್ ಬದಲಾವಣೆಯಿಂದಲೇ ಸರಿಹೋಗುವ ಪ್ರಕರಣಗಳು ಬಹಳ. ನಡುಕ ಮುಂದುವರಿದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿ, ಪಿ0300 ಸಾಲಿನ ಕೋಡ್ ಹುಡುಕಿ.

ಡಿಗೆ ಅಥವಾ ಆರ್‌ಗೆ ಹಾಕಿದಾಗ ಮಾತ್ರ ಧಡ್ ಎನ್ನುವುದಾದರೆ ಎಂಜಿನ್ ಮೌಂಟ್ ರಬ್ಬರ್ ಹರಿದಿದೆಯೇ, ಐಡಲ್ ಆರ್‌ಪಿಎಂ ಹೆಚ್ಚಿದೆಯೇ ನೋಡಿ. ಬೆಳಗಿನ ಮೊದಲ ಸಲ ಮಾತ್ರ ಗೇರ್ ತಡವಾಗಿ ಹಿಡಿದು ಆಮೇಲೆ ಸರಿಹೋದರೆ ರಾತ್ರಿ ಆಯಿಲ್ ಕೆಳಗಿಳಿಯುತ್ತಿದೆ; ಮಟ್ಟ ಸರಿಯಿದ್ದರೂ ಹೀಗಾದರೆ ಫಿಲ್ಟರ್ ಕಟ್ಟಿಕೊಂಡಿರಬಹುದು ಅಥವಾ ಒಳಗಿನ ಸೀಲ್ ಗಟ್ಟಿಯಾಗಿರಬಹುದು. ಹೊಸ ಆಯಿಲ್ ಹಾಕಿದ ಮೇಲೂ ಎಂಜಿನ್ ಕೂಗಿ ಕಾರು ಎಳೆಯದಿದ್ದರೆ ಪ್ಲೇಟ್ ಸವೆದಿದೆ. ಆಗ ಗೇರ್‌ಬಾಕ್ಸ್ ಇಳಿಸುವುದೇ ದಾರಿ.

ಎಎಂಟಿ ಮತ್ತು ಡಿಸಿಟಿ

ಎಎಂಟಿಯಲ್ಲಿ ಗೇರ್ ಬದಲಾಗುವಾಗ ತಲೆ ತೂಗಿದಂತಾಗುವುದು ಅದರ ಹುಟ್ಟುಗುಣ, ದೋಷವಲ್ಲ. ಮೊದಲಿಗಿಂತ ಹೆಚ್ಚು ಜಗ್ಗುತ್ತಿದ್ದರೆ, ಚಲಿಸುವಾಗ ತಾನೇ ಎನ್‌ಗೆ ಬೀಳುತ್ತಿದ್ದರೆ ನೋಡಬೇಕು. ಹೈಡ್ರಾಲಿಕ್ ಆಕ್ಚುಯೇಟರ್ ಇರುವ ಕಾರಿನಲ್ಲಿ ಪುಟ್ಟ ಆಯಿಲ್ ಡಬ್ಬಿಯ ಮಟ್ಟ ನೋಡಿ. ಗೇರ್ ಬದಲಿಸದೆ ನಿಂತಿರುವಾಗಲೂ ಪಂಪ್ ಕೆಲವೇ ಸೆಕೆಂಡಿಗೊಮ್ಮೆ ಗುಂಯ್ ಎನ್ನುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ, ಇಲ್ಲವೇ ಒತ್ತಡ ಕೂಡಿಡುವ ಅಕ್ಯುಮುಲೇಟರ್ ಸತ್ತಿದೆ. ಕ್ಲಚ್ ಪ್ಲೇಟ್ ಹೊಸದು ಹಾಕಿಸಿದರೆ ಅದು ಹಿಡಿಯುವ ಬಿಂದುವನ್ನು ಸ್ಕ್ಯಾನರಿನಿಂದ ಮತ್ತೆ ಕಲಿಸಲೇಬೇಕು. ಈ ಹೆಜ್ಜೆ ಬಿಟ್ಟುಬಿಟ್ಟು ಹೊಸ ಕ್ಲಚ್ಚನ್ನೇ ಬೈಯುವುದು ಸಾಮಾನ್ಯ.

ಫ್ಲೈಓವರ್ ಏರಿನಲ್ಲಿ ಕಾರನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸುವುದು ಎಎಂಟಿಯನ್ನೂ ಡ್ರೈ ಕ್ಲಚ್ (ಆಯಿಲಿನಲ್ಲಿ ಮುಳುಗಿರದ ಕ್ಲಚ್) ಇರುವ ಡಿಸಿಟಿಯನ್ನೂ ಸುಡುವ ಅತಿ ವೇಗದ ದಾರಿ. ಬ್ರೇಕ್ ಒತ್ತಿ. ಸಿಲ್ಕ್ ಬೋರ್ಡ್‌ನಂಥ ಜಾಮ್‌ನಲ್ಲಿ ಅಂಗುಲ ಅಂಗುಲ ತೆವಳುವ ಬದಲು ಒಂದೆರಡು ಕಾರಿನಷ್ಟು ಜಾಗ ಬಿಟ್ಟು ಒಮ್ಮೆಗೇ ಸಾಗಿ, ಕ್ಲಚ್ ಪೂರ್ತಿ ಹಿಡಿಯಲು ಅವಕಾಶವಾಗುತ್ತದೆ. ಡಿಸಿಟಿ ಬಿಸಿಯಾಗಿದೆ ಎಂದು ಮೀಟರಿನಲ್ಲಿ ಬಂದರೆ ಬದಿಗೆ ನಿಲ್ಲಿಸಿ, ಪಿಗೆ ಹಾಕಿ, ಎಂಜಿನ್ ಓಡಲು ಬಿಟ್ಟು ಎಚ್ಚರಿಕೆ ಹೋಗುವವರೆಗೆ ಕಾಯಿರಿ. ಆಗುಂಬೆ, ಚಾರ್ಮಾಡಿ ಏರುವಾಗ ಗೇರ್ ಮೇಲೆ ಕೆಳಗೆ ತಡಕಾಡುತ್ತಿದ್ದರೆ ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡರಲ್ಲೋ ಮೂರರಲ್ಲೋ ಕಟ್ಟಿಹಾಕಿ, ಇಳಿಯುವಾಗಲೂ ಹಾಗೆಯೇ.

ಗ್ಯಾರೇಜಿಗೆ ಒಯ್ಯುವಾಗ

ಮುಂಚಕ್ರ ಎಳೆಯುವ ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯಬೇಡಿ. ಎಂಜಿನ್ ನಿಂತಿದ್ದರೆ ಆಯಿಲ್ ಪಂಪೂ ನಿಂತಿರುತ್ತದೆ, ಒಣಗಿದ ಗೇರ್‌ಗಳು ತಿರುಗುತ್ತಾ ಹೋಗುತ್ತವೆ. ಫ್ಲ್ಯಾಟ್‌ಬೆಡ್ ತರಿಸಿ, ಇಲ್ಲವೇ ಮುಂಚಕ್ರ ಎತ್ತಿಸಿ.

"ಗೇರ್ ಪ್ರಾಬ್ಲಮ್" ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟನೇ ಗೇರಿನಿಂದ ಎಷ್ಟಕ್ಕೆ ಹೋಗುವಾಗ, ಯಾವ ವೇಗ, ಎಷ್ಟು ಆರ್‌ಪಿಎಂ, ರಿವರ್ಸ್‌ನಲ್ಲೂ ಇದೆಯೇ, ಕೊನೆಯ ಬಾರಿ ಆಯಿಲ್ ಯಾವಾಗ ಯಾವುದು ಹಾಕಿಸಿದ್ದು ಎಂದು ಬರೆದು, ಕೋಡ್‌ನ ಫೋಟೊ ಜೊತೆ ಕೊಡಿ. ಮೆಕ್ಯಾನಿಕ್ ಜೊತೆ ಕೂತು ಅದೇ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತೋರಿಸಿ. ಇಷ್ಟಾದ ಮೇಲೂ ಬಿಚ್ಚಲೇಬೇಕೆಂದರೆ, ಯಾವ ಭಾಗ ಕೆಟ್ಟಿದೆ ಎಂದು ತೋರಿಸಿದ ಮೇಲೆ ಮಾತ್ರ ಹೊಸದನ್ನು ತರಿಸಲು ಒಪ್ಪಿ, ತೆಗೆದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡು ಬನ್ನಿ.