ಹಳೆ ಕಾರಿನ ಇಂಡಿಕೇಟರ್ ಸ್ವಿಚ್: ಹೊಸದು ಕೊಳ್ಳುವ ಮುಂಚೆ ಒಮ್ಮೆ ಬಿಚ್ಚಿ ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ಹಳೆ ಮಾರುತಿ 800, ಓಮ್ನಿಗಳಲ್ಲಿ ಈ ದೂರು ಇದ್ದದ್ದೇ. ಲಿವರ್ ಹಾಕಿದರೆ ಒಮ್ಮೆ ಟಿಕ್ ಟಿಕ್ ಅನ್ನುತ್ತದೆ, ಇನ್ನೊಮ್ಮೆ ಸುಮ್ಮನಿರುತ್ತದೆ. ಬೆರಳಲ್ಲಿ ಒತ್ತಿ ಹಿಡಿದರೆ ಮಾತ್ರ ಲೈಟ್ ಮಿನುಗುತ್ತದೆ. ಅಂಗಡಿಗೆ ಹೋದರೆ ‘ಕಾಂಬಿನೇಷನ್ ಸ್ವಿಚ್ ಪೂರ್ತಿ ಚೇಂಜ್ ಮಾಡ್ಬೇಕು’ ಅನ್ನುತ್ತಾರೆ, ಅಂದರೆ ಇಂಡಿಕೇಟರ್, ಹೆಡ್‌ಲೈಟ್, ವೈಪರ್ ಸ್ವಿಚ್ಚುಗಳೆಲ್ಲ ಸೇರಿದ ಇಡೀ ಜೋಡಣೆ. ಬಹಳ ಸಲ ಅದು ಬೇಕಾಗಿರುವುದಿಲ್ಲ. ತಿಂಗಳುಗಟ್ಟಲೆ ಶೀತದಲ್ಲಿ ನಿಂತ ಗಾಡಿಯ ಸ್ವಿಚ್ಚಿನೊಳಗೆ ತಾಮ್ರದ ಪಾಯಿಂಟ್‌ಗೆ ಕಿಲುಬು ಹಿಡಿದಿರುತ್ತದೆ, ಅಷ್ಟೇ.

ಆದರೆ ತೊಂದರೆ ಸ್ವಿಚ್ಚಿನದ್ದೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಹಜಾರ್ಡ್ ಲೈಟ್ ಹಾಕಿ ನೋಡಿ. ನಾಲ್ಕೂ ಮೂಲೆ ಸರಿಯಾಗಿ ಮಿನುಗಿದರೆ ಬಲ್ಬುಗಳು ಚೆನ್ನಾಗಿವೆ. ಇಂಡಿಕೇಟರ್‌ಗೆ ಬೇರೆ ಫ್ಯೂಸ್ ಇದ್ದರೆ ಅದನ್ನೂ ನೋಡಿ. ಅದು ಸರಿ ಇದ್ದು ಲಿವರ್ ಹಾಕಿದಾಗ ಮಾತ್ರ ಲೈಟ್ ಬರದಿದ್ದರೆ ಅನುಮಾನ ಸ್ವಿಚ್ಚಿನ ಮೇಲೆ. ಒಂದು ಕಡೆ ಮಾತ್ರ ಅವಸರದಲ್ಲಿ ಮಿನುಗಿದರೆ ಸಾಮಾನ್ಯವಾಗಿ ಆ ಕಡೆಯ ಬಲ್ಬ್ ಹೋಗಿರುತ್ತದೆ, ಇಲ್ಲವೇ ಹೋಲ್ಡರ್ ಅರ್ತಿಂಗ್ ತುಕ್ಕು ಹಿಡಿದಿರುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗುವುದು ಸರಿಯಾದ ವೇಗ. ಹಜಾರ್ಡ್ ಕೂಡ ಸತ್ತಿದ್ದರೆ ಫ್ಯೂಸ್, ಫ್ಲಾಷರ್ (ಲೈಟನ್ನು ಮಿನುಗಿಸುವ ಪುಟ್ಟ ಡಬ್ಬಿ) ನೋಡಿ. ಇನ್ನೊಂದು ಮಾತು: ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹಜಾರ್ಡ್ ಹಾಕಿಕೊಂಡೇ ಓಡಿಸುವವರು ಜಾಸ್ತಿ. ಆಗ ಲಿವರ್ ಎತ್ತ ಹಾಕಿದರೂ ನಾಲ್ಕೂ ಮಿನುಗುತ್ತಲೇ ಇರುತ್ತವೆ. ಅದು ಸ್ವಿಚ್ಚಿನ ತಪ್ಪಲ್ಲ, ಡ್ರೈವರ್‌ನದ್ದು!

ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಇಲ್ಲಿಗೇ ನಿಲ್ಲಿಸಿ, ಗ್ಯಾರೇಜಿಗೆ ಒಯ್ಯಿರಿ. ಮುಂದಿನದ್ದೆಲ್ಲ ಏರ್‌ಬ್ಯಾಗ್ ಇಲ್ಲದ ಹಳೆ ಗಾಡಿಗಳಿಗೆ.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ. ಸ್ಟೀರಿಂಗ್ ಚಕ್ರ ನೇರಕ್ಕಿರಲಿ. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್‌ನ ಸ್ಕ್ರೂ ಬಿಚ್ಚಿದರೆ ಸ್ವಿಚ್ಚಿನ ವೈರುಗಳು, ಅವು ಸೇರುವ ಪ್ಲಾಸ್ಟಿಕ್ ಪ್ಲಗ್ ಅಂದರೆ ಕಪ್ಲರ್ ಕಾಣಿಸುತ್ತವೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕಪ್ಲರ್ ಕಳಚುವಾಗ ವೈರ್ ಹಿಡಿದು ಎಳೆಯಬೇಡಿ. ಲಾಕ್ ಒತ್ತಿ ಕಪ್ಲರನ್ನೇ ಹಿಡಿದು ಬಿಡಿಸಿ. ಇಂಡಿಕೇಟರ್‌ಗೆ ಬೇಕಾದದ್ದು ಮೂರು ವೈರು: ಫ್ಲಾಷರಿನಿಂದ ಬರುವುದೊಂದು, ಎಡಕ್ಕೊಂದು, ಬಲಕ್ಕೊಂದು. ಮಲ್ಟಿಮೀಟರ್ ಬೀಪ್ ಮೋಡಿನಲ್ಲಿಟ್ಟು (ಸಂಪರ್ಕ ಇದ್ದರೆ ಕೂಗುತ್ತದೆ), ಸ್ವಿಚ್ ಕಡೆಯ ಪಿನ್ನುಗಳಿಗೆ ಮುಟ್ಟಿಸಿ ಲಿವರ್ ಆಡಿಸಿ. ಎಡಕ್ಕೆ ಹಾಕಿದಾಗ ಫ್ಲಾಷರ್ ಪಿನ್ನಿಗೂ ಎಡದ ಪಿನ್ನಿಗೂ ಬೀಪ್ ಬರಬೇಕು, ಬಲಕ್ಕೆ ಹಾಕಿದಾಗ ಬಲದ್ದಕ್ಕೆ. ಬಿಟ್ಟು ಬಿಟ್ಟು ಕೂಗಿದರೆ ಕಳ್ಳ ಸಿಕ್ಕಿಬಿದ್ದ ಹಾಗೇ. ವೈರಿನ ಬಣ್ಣವನ್ನಷ್ಟೇ ನಂಬಬೇಡಿ. ಹಳೆ ಗಾಡಿಯಲ್ಲಿ ಯಾವ ಎಲೆಕ್ಟ್ರಿಷಿಯನ್ ಯಾವಾಗ ಏನು ಜೋಡಿಸಿದ್ದಾನೋ!

ಈಗ ಸ್ಟೀರಿಂಗ್ ಚಕ್ರ. ಹಾರ್ನ್ ಪ್ಯಾಡ್ ತೆಗೆದರೆ ನಡುವೆ ದೊಡ್ಡ ನಟ್ ಇರುತ್ತದೆ. ಚಕ್ರಕ್ಕೂ ಶಾಫ್ಟಿಗೂ ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ, ವಾಪಸ್ ಕೂರಿಸುವಾಗ ಬೇಕಾಗುತ್ತದೆ. ನಟ್ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತಾ ಎಳೆಯಿರಿ. ನಟ್ ಅಲ್ಲೇ ಇದ್ದರೆ ಚಕ್ರ ತಟ್ಟನೆ ಬಂದು ಮುಖಕ್ಕೆ ಬಡಿಯುವುದಿಲ್ಲ. ಶಾಫ್ಟಿನ ತುದಿಗೆ ಸುತ್ತಿಗೆ ಹಾಕಲೇಬೇಡಿ. ಜಗ್ಗದಿದ್ದರೆ ಪುಲ್ಲರ್ (ಚಕ್ರ ಎಳೆದು ತೆಗೆಯುವ ಸಾಧನ) ತನ್ನಿ. ಚಕ್ರ ಸಡಿಲಾದ ಮೇಲೆ ನಟ್ ಪೂರ್ತಿ ತೆಗೆದು ಚಕ್ರ ಹೊರಗಿಟ್ಟರೆ ಸ್ವಿಚ್ಚಿನ ಸ್ಕ್ರೂ ಬಿಚ್ಚುವುದು ಸುಲಭ.

ಸ್ವಿಚ್ ಬಿಚ್ಚುವ ಜಾಗ ಮುಖ್ಯ. ಮೊರದಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಕೂರಿ. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಸ್ಟೀಲ್ ಗುಂಡು, ಅದರ ಹಿಂದೆ ಪುಟ್ಟ ಸ್ಪ್ರಿಂಗ್ ಇರುವುದುಂಟು. ಮುಚ್ಚಳ ಎದ್ದ ಕ್ಷಣ ಅದು ಹಾರಿ ಸೀಟಿನಡಿ ಸೇರಿದರೆ ಮುಗಿಯಿತು ಕತೆ. ಲಿವರನ್ನು ಎಡಕ್ಕೆ, ಬಲಕ್ಕೆ ನಿಲ್ಲಿಸುವುದು ಇದೇ ಗುಂಡು. ಲಿವರ್ ನಿಲ್ಲದೆ ಜಾರುತ್ತಿದ್ದರೆ ಸ್ಪ್ರಿಂಗ್ ಬಡಕಲಾಗಿದೆ, ಇಲ್ಲವೇ ಗುಂಡು ಕೂರುವ ಪ್ಲಾಸ್ಟಿಕ್ ಕಚ್ಚು ಸವೆದಿದೆ.

ಮುಚ್ಚಳ ತೆಗೆದಾಗ ಹಳೆ ಗ್ರೀಸ್ ಕಂದು ಮೇಣದಂತೆ ಗಟ್ಟಿಯಾಗಿರುತ್ತದೆ. ಅದರಡಿ ತಾಮ್ರದ ಪಟ್ಟಿಯ ಮೇಲೆ ಹಸಿರು ಕಿಲುಬು, ಇಲ್ಲವೇ ಕಪ್ಪು ಚುಕ್ಕೆ. ಗ್ರೀಸನ್ನು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಬೇಡ, ಕೆಲವು ಪ್ಲಾಸ್ಟಿಕ್ ಅದಕ್ಕೆ ತಡೆಯುವುದಿಲ್ಲ. ಕಿಲುಬಿಗೆ ಮೊದಲು ಪೆನ್ಸಿಲ್ ರಬ್ಬರ್ ಸಾಕು. ಹೋಗದಿದ್ದರೆ ತೀರಾ ನಯವಾದ ಉಪ್ಪುಕಾಗದದಲ್ಲಿ ಎರಡು ಸಲ ಉಜ್ಜಿ, ತಾಮ್ರ ಹೊಳೆದ ಕೂಡಲೇ ಬಿಡಿ. ಪಟ್ಟಿ ತೆಳ್ಳಗಾದರೆ ಒತ್ತಡ ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್‌ಗೆ ಹೊಂದುವ ಗ್ರೀಸನ್ನು ಗುಂಡಿಗೂ ಜಾರುವ ಜಾಗಕ್ಕೂ ಚೂರೇ ಸವರಿ.

ಪಾಯಿಂಟಿನ ಸುತ್ತ ಪ್ಲಾಸ್ಟಿಕ್ ಕರಗಿದ್ದರೆ ರಿಪೇರಿ ಬೇಡ, ಹೊಸದೇ ಹಾಕಿ. ಹಳೆಯ ಸ್ವಿಚ್ಚನ್ನೇ ಅಂಗಡಿಗೆ ಒಯ್ದು ಕಪ್ಲರ್ ಪಿನ್ನು ಸರಿಸಮ ಇದೆಯಾ ನೋಡಿ. ಮಾಡೆಲ್ ಒಂದೇ ಆದರೂ ವರ್ಷಕ್ಕೆ ತಕ್ಕಂತೆ ಬದಲಾಗುವುದುಂಟು. ಯಾಕೆ ಕರಗಿತು ಅನ್ನುವುದನ್ನೂ ಹುಡುಕಿ. ಒಂದು ಕಡೆಯ ಹಿಂದೆ ಮುಂದೆ ಎರಡು 21 ವಾಟ್ ಬಲ್ಬ್ ಸೇರಿ ಎಳೆಯುವುದು ಸುಮಾರು ಮೂರೂವರೆ ಆಂಪಿಯರ್. ಅದರಿಂದ ಸ್ವಿಚ್ ಸುಡಬಾರದು. ಆದರೆ ನಮ್ಮ ಕಡೆ ಮಂಜಿಗೆ ಅಂತ 55 ವಾಟಿನ ಎರಡು ಫಾಗ್ ಲ್ಯಾಂಪ್ ಹಾಕಿಸಿ, ರಿಲೇ (ಹೆಚ್ಚಿನ ಕರೆಂಟನ್ನು ತಾನೇ ಹೊತ್ತು ಸ್ವಿಚ್ಚಿನ ಭಾರ ಇಳಿಸುವ ಬಿಡಿಭಾಗ) ಇಲ್ಲದೆ ಇದೇ ಕಾಂಬಿನೇಷನ್ ಸ್ವಿಚ್ಚಿನಿಂದ ಕರೆಂಟ್ ಎಳೆಸಿಕೊಂಡವರಿದ್ದಾರೆ. ಆಗ ಒಂಬತ್ತು ಆಂಪಿಯರ್ ಹೆಚ್ಚುವರಿ ಭಾರ. ಹೊಸ ಸ್ವಿಚ್ ಹಾಕುವ ದಿನವೇ ರಿಲೇ ಹಾಕಿಸಿ.

ಜೋಡಿಸುವಾಗ ಗೆರೆ ಸೇರಿಸಿ ಚಕ್ರ ಕೂರಿಸಿ. ಅದರ ಹಿಂಭಾಗದ ಪ್ಲಾಸ್ಟಿಕ್ ಪಿನ್ನು ಸ್ವಿಚ್ಚಿನ ನಡುವಿನ ಬಳೆಯ ತೂತಿಗೆ ಸರಿಯಾಗಿ ಇಳಿಯಬೇಕು. ತಿರುವು ಮುಗಿದ ಮೇಲೆ ಲಿವರ್ ವಾಪಸ್ ಬರುವುದು ಅದರಿಂದಲೇ. ನಟ್ಟನ್ನು ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚಿನಲ್ಲಿ, ಗಾಡಿಯ ಕೈಪಿಡಿಯ ಲೆಕ್ಕಕ್ಕೆ ಬಿಗಿ ಮಾಡಿ. ರೆಂಚ್ ಇಲ್ಲದಿದ್ದರೆ ಮೆಕ್ಯಾನಿಕ್ಕನ್ನು ಗಾಡಿಯ ಹತ್ತಿರಕ್ಕೇ ಕರೆಸಿ, ಬಿಗಿ ಮಾಡಿಸದೆ ರಸ್ತೆಗೆ ಇಳಿಸಬೇಡಿ. ಬ್ಯಾಟರಿ ಜೋಡಿಸಿ ಹಾರ್ನ್, ಡಿಮ್ ಡಿಪ್, ಎರಡೂ ಇಂಡಿಕೇಟರ್ ನೋಡಿ. ಕೊನೆಗೆ ಅಂಗಳದಲ್ಲೇ ಲಿವರ್ ಹಾಕಿ ಚಕ್ರವನ್ನು ಆ ಕಡೆ ತಿರುಗಿಸಿ ನೇರಕ್ಕೆ ತನ್ನಿ, ಲಿವರ್ ತಾನಾಗಿ ಬಿಡಬೇಕು. ಬಿಡದಿದ್ದರೆ ಪಿನ್ನು ಮುರಿದಿದೆ, ಇಲ್ಲವೇ ಬಳೆಯ ತೂತಿಗೆ ಇಳಿಯದೆ ತಪ್ಪಿ ಕೂತಿದೆ. ಚಕ್ರ ಇನ್ನೊಮ್ಮೆ ತೆಗೆಯದೆ ದಾರಿಯಿಲ್ಲ.